ಬನದ ಹುಣ್ಣಿಮೆಗೆ ಈ ಸಲ ಬೇರೆ ಜಾತ್ರೆ

ಬನದ ಹುಣ್ಣಿಮೆ ಬಂತೆಂದರೆ ನಮ್ಮ ಮನೆಯಲ್ಲಿ ಎರಡನೇ ಮಾತಿಲ್ಲ, ಬನಶಂಕರಿ ಜಾತ್ರೆ. ಬಾದಾಮಿ ಪಕ್ಕದ ಚೊಳಚಗುಡ್ಡದಲ್ಲಿ ಅವತ್ತು ತೇರು ಎಳೆಯುತ್ತಾರೆ. ಆಮೇಲೆ ಮೂರ್ನಾಲ್ಕು ವಾರ ನಾಟಕ ಕಂಪನಿಗಳು ಡೇರೆ ಹಾಕಿಕೊಂಡು ಬೆಳತನಕ ನಾಟಕ ಆಡುತ್ತವೆ. 2026ರಲ್ಲಿ ಈ ಹುಣ್ಣಿಮೆ ಜನವರಿ 3ಕ್ಕೆ ಬಿತ್ತು. ಅವ್ವ ತೇರು ನೋಡಲು ಹೋದಳು. ನಾನು ಮತ್ತು ಚಿಕ್ಕಪ್ಪನ ಮಗಳು ಅದೇ ಹುಣ್ಣಿಮೆಗೆ ಥಾಯ್ಲೆಂಡಿನ ಕೊ ಫಾಂಗಾನ್ ದ್ವೀಪಕ್ಕೆ ಹೋದೆವು, ಫುಲ್ ಮೂನ್ ಪಾರ್ಟಿಗೆ.

ಹಠ ತಂಗಿಯದು. ಅವಳಿಗೆ 24, ಮೊದಲ ಸಂಬಳ ಉಳಿಸಿದ್ದ ದುಡ್ಡು. ನನಗೆ ಮೂವತ್ತು ದಾಟಿದೆ, ಹತ್ತು ಗಂಟೆಗೆ ನಿದ್ದೆ ಬರುತ್ತದೆ. ಒಬ್ಬಳನ್ನೇ ಕಳಿಸಲ್ಲ ಎಂದು ಚಿಕ್ಕಮ್ಮ ಪಟ್ಟು ಹಿಡಿದಿದ್ದರಿಂದ ನಾನು ಕಾವಲಿಗೆ ಹೋದೆ. ಕಾವಲು ಎಷ್ಟು ಚೆನ್ನಾಗಿ ಕಾದೆ ಅನ್ನೋದನ್ನು ಮುಂದೆ ಹೇಳ್ತೀನಿ.

ಈ ಪಾರ್ಟಿ ಶುರುವಾದದ್ದು 1980ರ ದಶಕದಲ್ಲಿ, ಹಾಡ್ ರಿನ್ ಅನ್ನೋ ಬೀಚಿನಲ್ಲಿ. ಬೆನ್ನ ಮೇಲೆ ಚೀಲ ಹೊತ್ತು ತಿರುಗುವ ಕೆಲವೇ ಜನ ಹುಣ್ಣಿಮೆ ರಾತ್ರಿ ಸೇರಿ ಕುಣಿದರಂತೆ. ಈಗ ಸೀಸನ್‌ನಲ್ಲಿ 20-30 ಸಾವಿರ ಜನ ಸೇರುತ್ತಾರೆ ಎನ್ನುತ್ತಾರೆ. ಬೀಚಿನ ಉದ್ದ ಒಂದು ಕಿಲೋಮೀಟರ್ ಕೂಡ ಇಲ್ಲ. ಅಷ್ಟು ಜನ ಅಷ್ಟು ಜಾಗದಲ್ಲಿ ರಾತ್ರಿಯಿಡೀ, ಅದೂ ಕುಡಿದು. ನೆನಪಿರಲಿ.

ತಾರೀಕು ನೋಡುವಾಗಲೇ ಒಂದು ಮಜಾ ಸಿಕ್ಕಿತು. ಪಾರ್ಟಿ ಎಲ್ಲಾ ಹುಣ್ಣಿಮೆಗೂ ಹುಣ್ಣಿಮೆ ದಿನವೇ ನಡೆಯಲ್ಲ. ಮಾಖ ಬುಚಾ, ವಿಸಾಖ ಬುಚಾ, ಆಸಾಳ್ಹ ಬುಚಾ ಅಂತ ಅಲ್ಲಿ ಬೌದ್ಧರ ದೊಡ್ಡ ಹಬ್ಬಗಳಿವೆ, ಎಲ್ಲವೂ ಹುಣ್ಣಿಮೆಗೇ ಬರುತ್ತವೆ. ಬುಚಾ ಅಂದರೆ ಪೂಜಾ. ಮಾಘ, ವೈಶಾಖ, ಆಷಾಢ, ನಮ್ಮವೇ ತಿಂಗಳುಗಳು! ಆ ದಿನ ಹೆಂಡದ ಪಾರ್ಟಿ ಮಾಡಿದರೆ ಚೆನ್ನಾಗಿರಲ್ಲ ಅಂತ ಒಂದು ದಿನ ಹಿಂದೆ ಮುಂದೆ ಮಾಡುತ್ತಾರೆ. ಕ್ಯಾಲೆಂಡರ್ ನೋಡಿ ಟಿಕೆಟ್ ಮಾಡಿಸಿ, ಅಲ್ಲಿ ಹೋದ ಮೇಲೆ "ನಿನ್ನೆನೇ ಆಯ್ತಲ್ಲ" ಅನ್ನಿಸಿಕೊಂಡವರು ಇದ್ದಾರೆ. ನಮ್ಮ ಬನದ ಹುಣ್ಣಿಮೆಗೆ ಆ ತಕರಾರು ಇರಲಿಲ್ಲ.

ಹೋಗುವ ತಯಾರಿ ಬಗ್ಗೆ ಜಾಸ್ತಿ ಹೇಳಲ್ಲ. ನಮ್ಮ ಪಾಸ್‌ಪೋರ್ಟಿಗೆ ಆಗ 60 ದಿನ ವೀಸಾ ಇಲ್ಲದೆ ಬಿಡುತ್ತಿದ್ದರು. ವಿಮಾನ ಇಳಿಯುವ ಮುಂಚಿನ ಮೂರು ದಿನದೊಳಗೆ ಡಿಜಿಟಲ್ ಅರೈವಲ್ ಕಾರ್ಡ್ ಅಂತ ಒಂದು ಫಾರಂ ಆನ್‌ಲೈನಲ್ಲಿ ತುಂಬಬೇಕು. ಅದು ಪುಕ್ಕಟೆ. ದುಡ್ಡು ಕೇಳುವ ವೆಬ್‌ಸೈಟ್ ಕಂಡರೆ ಅದು ಸರ್ಕಾರದ್ದಲ್ಲ, ಮುಚ್ಚಿಬಿಡಿ. ಬ್ಯಾಂಕಾಕ್‌ನಿಂದ ರಾತ್ರಿ ರೈಲಿನಲ್ಲಿ ಸೂರತ್ ಥಾನಿ, ಅಲ್ಲಿಂದ ಬಸ್ಸಿನಲ್ಲಿ ಡೊನ್‌ಸಾಕ್ ಬಂದರು, ಆಮೇಲೆ ಎರಡೂವರೆ ಗಂಟೆ ದೋಣಿ. ಹೌದು, ಸೂರತ್. ನಮ್ಮ ಗುಜರಾತಿನ ಸೂರತ್ ಹೆಸರನ್ನೇ ಇಟ್ಟುಕೊಂಡಿದ್ದಾರೆ.

ರೂಮು ಮಾತ್ರ ತಲೆ ತಿಂದಿತು. ಹುಣ್ಣಿಮೆ ಸುತ್ತಮುತ್ತ ಒಂದೇ ರಾತ್ರಿಗೆ ಯಾರೂ ರೂಮು ಕೊಡಲ್ಲ, ಕನಿಷ್ಠ ಮೂರು, ನಾಲ್ಕು, ಐದು ರಾತ್ರಿ ಅನ್ನುತ್ತಾರೆ. ಹಾಡ್ ರಿನ್‌ನಲ್ಲೇ ಉಳಿದರೆ ನಡೆದೇ ರೂಮಿಗೆ ಬರಬಹುದು, ಆದರೆ ಐದು ದಿನ ಕಿವಿ ಗುಂಯ್‌ಗುಡುತ್ತದೆ. ನಾವು ಬಾನ್ ತಾಯ್ ಎಂಬ ಊರಿನಲ್ಲಿ ನಾಲ್ಕು ರಾತ್ರಿ ತೆಗೆದುಕೊಂಡೆವು. ಈಗ ಕೇಳಿದರೆ ತಪ್ಪು ಮಾಡಿದೆವು ಅಂತೀನಿ. ಇಬ್ಬರೇ ಹೆಣ್ಣುಮಕ್ಕಳು ಹೋಗುವುದಾದರೆ, ನಿದ್ದೆ ಹಾಳಾದರೂ ಚಿಂತೆಯಿಲ್ಲ, ನಡೆದು ಮುಟ್ಟುವ ರೂಮೇ ಇರಲಿ.

ದೋಣಿ ಇಳಿದದ್ದು ತೊಂಗ್ ಸಾಲಾದಲ್ಲಿ. ಮೊದಲು ಕಣ್ಣಿಗೆ ಬಿದ್ದದ್ದು ಬ್ಯಾಂಡೇಜು. ಮೊಣಕೈಗೆ, ಮೊಣಕಾಲಿಗೆ, ಪಾದಕ್ಕೆ. ಎಲ್ಲರೂ ಬಿಳಿಯ ಹುಡುಗರು. ಸ್ಕೂಟರ್‌ನಿಂದ ಬಿದ್ದು ಚರ್ಮ ಕಿತ್ತುಕೊಂಡದ್ದಕ್ಕೆ, ಸೈಲೆನ್ಸರ್‌ಗೆ ಕಾಲು ತಾಗಿ ಸುಟ್ಟದ್ದಕ್ಕೆ ಅಲ್ಲಿ ತಮಾಷೆಗೆ 'ಥಾಯ್ ಟ್ಯಾಟೂ' ಅನ್ನುತ್ತಾರೆ. ಹಾಡ್ ರಿನ್ ಕಡೆಯ ರಸ್ತೆ ಗುಡ್ಡ ಹತ್ತಿ ಇಳಿಯುತ್ತದೆ, ಕೆಲವು ಕಡೆ ನಮ್ಮ ಚಾರ್ಮಾಡಿ ತಿರುವಿಗಿಂತ ಕಡಿದು. ತಂಗಿ ಊರಲ್ಲಿ ಗಾಡಿ ಓಡಿಸಿದವಳು, ಸ್ಕೂಟರ್ ಬಾಡಿಗೆಗೆ ತಗೊಳ್ಳೋಣ ಎಂದಳು. ಅಂಗಡಿಯಲ್ಲಿ ಒತ್ತೆ ಇಡಲು ಪಾಸ್‌ಪೋರ್ಟ್ ಕೇಳಿದರು. ಅದಕ್ಕೇ ನಾನು ಒಲ್ಲೆ ಅಂದೆ. ಅದಲ್ಲದೆ ಆರ್‌ಟಿಒದಿಂದ ಅಂತರರಾಷ್ಟ್ರೀಯ ಲೈಸೆನ್ಸ್ ಮಾಡಿಸಿಕೊಳ್ಳದೆ ಹೋಗಿ ಬಿದ್ದರೆ, ಪ್ರವಾಸದ ವಿಮೆಯವರು ಕೈ ಎತ್ತುತ್ತಾರೆ. ನಮ್ಮ ಪಾಲಿಸಿಯಲ್ಲಿ ಇನ್ನೊಂದು ಸಾಲೂ ಇತ್ತು: ಕುಡಿದಾಗ ಆದ ಪೆಟ್ಟಿಗೆ ದುಡ್ಡಿಲ್ಲ. ಸಣ್ಣ ಅಕ್ಷರ, ಆದರೆ ಓದಿದ್ದೆ.

ಹುಣ್ಣಿಮೆ ದಿನ ಸಂಜೆ ಅವ್ವನ ವಿಡಿಯೋ ಕಾಲ್ ಬಂತು. ಅಲ್ಲಿ ನಾಲ್ಕು ಗಂಟೆ, ನಮಗೆ ಐದೂವರೆ. ಹಿಂದೆ ತೇರು, ಜನ, ಪೀಪಿ ಸದ್ದು. ಬೀಚಿನಲ್ಲಿ ರಾತ್ರಿಯಿಡೀ ಹಾಡು ಹಾಕ್ತಾರೆ, ನೋಡಿ ಬರ್ತೀವಿ ಅಂದೆ. ಅವ್ವನಿಗೆ ಅದೇನೂ ವಿಚಿತ್ರ ಅನ್ನಿಸಲಿಲ್ಲ. ರಾತ್ರಿಯಿಡೀ ನಾಟಕ ನೋಡುವವಳು ಅವಳು. ನಾವು ಸಣ್ಣವರಿದ್ದಾಗ ಜಾತ್ರೆಗೆ ಹೊರಡುವ ಮುಂಚೆ ಹೇಳುತ್ತಿದ್ದದ್ದನ್ನೇ ಮತ್ತೆ ಹೇಳಿದಳು. "ರೊಕ್ಕ ಒಂದ ಕಡೆ ಇಟ್ಕೋಬ್ಯಾಡ್ರಿ. ಯಾರರ ಏನರ ತಿನ್ನಾಕ ಕೊಟ್ರ ತಿನಬ್ಯಾಡ್ರಿ. ತಪ್ಪಿಸ್ಕೊಂಡ್ರ ಹುಡುಕ್ಯಾಡಾಕ ಹೋಗಬ್ಯಾಡ್ರಿ, ದೀಪದ ಕಂಬದ ಬುಡಕ ಬಂದು ನಿಂದರ್ರಿ."

ಬನಶಂಕರಿ ಹೊಂಡದ ದಂಡೆಯಲ್ಲಿ ದೊಡ್ಡ ದೀಪಸ್ತಂಭ ಇದೆ, ಎಲ್ಲಿಂದ ನೋಡಿದರೂ ಕಾಣುತ್ತದೆ. ನಮ್ಮ ಕಂಬ ಅದು. ಹಾಡ್ ರಿನ್‌ಗೆ ಒಂದು ಕಂಬ ಬೇಕಿತ್ತು. ಬೀಚಿನ ಹಿಂದಿನ ಊರಲ್ಲಿ ಚಿಕನ್ ಕಾರ್ನರ್ ಅಂತ ಒಂದು ಮೂಲೆ ಇದೆ, ಅಲ್ಲಿಗೆ ಬಂದವರಿಗೆಲ್ಲ ಗೊತ್ತಿರುವ ಜಾಗ. ಹಗಲಲ್ಲೇ ಹೋಗಿ ನೋಡಿಕೊಂಡು ಬಂದೆವು. ತಪ್ಪಿಸಿಕೊಂಡರೆ ಇಲ್ಲಿ, ಅಂತ ನಾನೇ ತಂಗಿಗೆ ಎರಡು ಸಲ ಹೇಳಿದೆ. ಅಷ್ಟು ಜನ ಒಟ್ಟಿಗೆ ವಿಡಿಯೋ ಕಳಿಸಲು ಶುರು ಮಾಡಿದರೆ ನೆಟ್‌ವರ್ಕ್ ಕೈ ಕೊಡುತ್ತದೆ ಅಂತ ನನಗೆ ಅಂದಾಜಿತ್ತು.

ಪಾಸ್‌ಪೋರ್ಟ್ ರೂಮಿನಲ್ಲಿ ಬಿಡಲಿಲ್ಲ, ರಿಸೆಪ್ಶನ್ನಿನ ಲಾಕರಿಗೆ ಹಾಕಿಸಿದೆವು. ಪಾರ್ಟಿ ರಾತ್ರಿ ರೂಮುಗಳೆಲ್ಲ ಖಾಲಿ ಇರುತ್ತವೆ ಅಂತ ಕಳ್ಳರಿಗೂ ಗೊತ್ತಲ್ವಾ? ಫೋಟೊ ಫೋನಿನಲ್ಲಿತ್ತು. ನಗದು ಇಬ್ಬರೂ ಹಂಚಿಕೊಂಡು, ಸೊಂಟಕ್ಕೆ ಕಟ್ಟುವ ಪೌಚಿನಲ್ಲಿ ಅರ್ಧ, ಬೂಟಿನೊಳಗೆ ಅರ್ಧ. ಬೂಟು ನನ್ನದು. ತಂಗಿ ಕೇಳಲಿಲ್ಲ. ತೊಂಗ್ ಸಾಲಾ ಸಂತೆಯಲ್ಲಿ ಕೊಂಡ ಮಣಿ ಚಪ್ಪಲಿ ಹಾಕಿಕೊಂಡಳು, ಡ್ರೆಸ್‌ಗೆ ಅದೇ ಮ್ಯಾಚ್ ಅಂತ. ಪೊಲೀಸ್ ನಂಬರ್ 1155, ಆಂಬುಲೆನ್ಸ್ 1669 ಅಂತ ಅವಳ ಕೈಯ ಒಳಭಾಗಕ್ಕೆ ಪೆನ್ನಿನಲ್ಲಿ ಬರೆದೆ. 1155 ಪ್ರವಾಸಿಗರ ಪೊಲೀಸರದು, ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಅದರ ಮೇಲೆ ಅವಳು ಹೊಳೆಯುವ ಬಣ್ಣದಲ್ಲಿ ಹೂವು ಬರೆಸಿಕೊಂಡಳು.

ಒಂಬತ್ತೂವರೆಗೆ ಸೊಂಗ್‌ತೇವ್ ಹತ್ತಿದೆವು. ಪಿಕಪ್ ಗಾಡಿಯ ಹಿಂದೆ ಎರಡು ಬೆಂಚು ಹಾಕಿದ ಶೇರ್ ಟ್ಯಾಕ್ಸಿ ಅದು, ನಮ್ಮೂರ ಟಂಟಂಗೆ ಅಣ್ಣ. ತುಂಬಿದ ಮೇಲೇ ಹೊರಡುತ್ತದೆ. ದಾರಿಯಲ್ಲಿ ಪೊಲೀಸರು ಎರಡು ಕಡೆ ತಡೆದು, ಸ್ಕೂಟರ್ ಹುಡುಗರ ಜೇಬು ತಡಕುತ್ತಿದ್ದರು. ಗಾಂಜಾ ಅಲ್ಲಿ 2022ರಲ್ಲಿ ಮುಕ್ತ ಆಯ್ತು ಅಂತ ಸುದ್ದಿ ಕೇಳಿ ಇನ್ನೂ ಹಾಗೇ ಇದೆ ಅಂದುಕೊಂಡವರು ಬಹಳ. 2025ರ ಜೂನ್‌ನಿಂದ ಗಾಂಜಾ ಹೂವು ಕೊಳ್ಳಲು ವೈದ್ಯರ ಚೀಟಿ ಬೇಕು. ನಶೆಯ ಗುಳಿಗೆ, ಪುಡಿ ಸಿಕ್ಕರಂತೂ ಜೈಲಾಗಬಹುದು. ಬ್ಯಾಂಕಾಕ್‌ನಿಂದ ಗಾಂಜಾ ತಂದು ದೇವನಹಳ್ಳಿ ಏರ್‌ಪೋರ್ಟಿನಲ್ಲಿ ಸಿಕ್ಕಿಬಿದ್ದವರ ಸುದ್ದಿಯನ್ನು ನಾವು ಪೇಪರಿನಲ್ಲಿ ಓದುತ್ತಲೇ ಇರುತ್ತೇವೆ. ಬೀಚಿನಲ್ಲಿ ಒಬ್ಬ ಪಕ್ಕಕ್ಕೆ ಬಂದು ಮೆಲ್ಲಗೆ "ಏನಾದ್ರೂ ಬೇಕಾ" ಅಂತ ಇಂಗ್ಲಿಷಿನಲ್ಲಿ ಕೇಳಿದ. ಬೇಡ ಅಂದೆವು, ಹೋದ. ಪೀಡಿಸಲಿಲ್ಲ.

ಬಾಗಿಲಲ್ಲಿ ದುಡ್ಡು ಕೊಟ್ಟು ಕೈಗೆ ಪಟ್ಟಿ ಕಟ್ಟಿಸಿಕೊಂಡು ಒಳಗೆ ಹೋದೆವು. ಮರಳಿಗೆ ಕಾಲಿಟ್ಟಾಗ ಚಂದ್ರ ಆಗಲೇ ಸಮುದ್ರದ ಮೇಲೆ ಎತ್ತರಕ್ಕೆ ಬಂದಿದ್ದ. ಆ ಬೀಚು ಪೂರ್ವಕ್ಕೆ ಮುಖ ಮಾಡಿದೆ. ನಿಜ ಹೇಳಬೇಕೆಂದರೆ ಚಂದ್ರನನ್ನು ಯಾರೂ ನೋಡುತ್ತಿರಲಿಲ್ಲ. ಒಂದೊಂದು ಬಾರಿನ ಮುಂದೆ ಒಂದೊಂದು ಹಾಡು, ನಡುವೆ ನಿಂತರೆ ಎರಡೂ ಕಲೆಸಿ ಎದೆಗೆ ಗುದ್ದುತ್ತದೆ. ಮೈತುಂಬಾ ಹಸಿರು, ಗುಲಾಬಿ ಬಣ್ಣ ಬಳಿದುಕೊಂಡ ಜನ. ಹೋಳಿ ರಾತ್ರಿಯಲ್ಲಿ ಆಡಿದಂತೆ.

ಬಕೆಟ್ ಬಗ್ಗೆ ಹೇಳಲೇಬೇಕು. ಮಕ್ಕಳು ಮರಳಾಡುವ ಪುಟ್ಟ ಪ್ಲಾಸ್ಟಿಕ್ ಬಕೆಟ್. ಅದರೊಳಗೆ ಒಂದು ಚಪ್ಪಟೆ ಬಾಟಲಿ ಥಾಯ್ ರಮ್, ಒಂದು ಕೋಲಾ, ಒಂದು ಕ್ರಾಟಿಂಗ್ ಡೇಂಗ್. ಇದು ಸಣ್ಣ ಕಂದು ಗಾಜಿನ ಬಾಟಲಿಯ ಪಾನೀಯ, ರೆಡ್ ಬುಲ್‌ನ ಮೂಲ ಅವತಾರ, ಔಷಧದ ಸಿರಪ್ಪಿನಂತೆ ಸಿಹಿ. ಮೇಲೆ ಐಸು, ನಾಲ್ಕು ಸ್ಟ್ರಾ. ಕುಡಿದರೆ ಹೆಂಡದ ಘಾಟೇ ಇಲ್ಲ, ಪಾನಕ. ಅದೇ ಅದರ ಮೋಸ. ಕೆಫೀನು ನಿದ್ದೆ ತಡೆಯುತ್ತದೆ, ಅಮಲು ಏರಿದ್ದು ತಿಳಿಯಲ್ಲ. ನಾನು ಒಂದು ಕೊಂಡೆ, ಕುತೂಹಲಕ್ಕೆ. ಮೊದಲೇ ತುಂಬಿ ಸಾಲಾಗಿ ಇಟ್ಟಿದ್ದನ್ನು ಬಿಟ್ಟು, ಸೀಲ್ ಇರುವ ಬಾಟಲಿ ತೋರಿಸಿ, ನನ್ನ ಕಣ್ಣೆದುರೇ ಒಡೆದು ಹಾಕು ಅಂತ ಕೈಸನ್ನೆ ಮಾಡಿದೆ. ಮಾರುವ ಹೆಂಗಸು ನಕ್ಕು ಹಾಗೇ ಮಾಡಿದಳು. 2024ರ ನವೆಂಬರಿನಲ್ಲಿ ಪಕ್ಕದ ಲಾವೋಸ್‌ನಲ್ಲಿ ಮೆಥನಾಲ್ ಬೆರೆತ ಹೆಂಡ ಕುಡಿದು ಆರು ಪ್ರವಾಸಿಗರು ಸತ್ತದ್ದು ನನ್ನ ತಲೆಯಲ್ಲಿತ್ತು. ಕಾಲು ಭಾಗ ಕುಡಿದೆ, ಉಳಿದದ್ದನ್ನು ಮರಳಿಗೆ ಸುರಿದೆ. ಕೆಳಗಿಟ್ಟು ಕುಣಿದು ಬಂದು ಮತ್ತೆ ಕುಡಿಯುವ ಬಕೆಟ್ ಅಲ್ಲ ಅದು. ತಂಗಿ ಕುಡಿಯುವುದೇ ಇಲ್ಲ, ಎಳನೀರು ಹಿಡಿದುಕೊಂಡು ನನಗಿಂತ ಎರಡರಷ್ಟು ಕುಣಿದಳು.

ಬೆಂಕಿ ಹಗ್ಗದ ಆಟ ನೋಡಿದೆವು. ಸೀಮೆಎಣ್ಣೆಯಂಥದ್ದರಲ್ಲಿ ಅದ್ದಿದ ಉದ್ದ ಹಗ್ಗಕ್ಕೆ ಬೆಂಕಿ ಹಚ್ಚಿ ಇಬ್ಬರು ತಿರುಗಿಸುತ್ತಾರೆ, ಕುಡಿದವರು ನಡುವೆ ಹೋಗಿ ಹಗ್ಗದಾಟ ಆಡುತ್ತಾರೆ. ಒಬ್ಬ ಎಡವಿದ. ಹಗ್ಗ ಅವನ ಮೀನಖಂಡಕ್ಕೆ ಸುತ್ತಿಕೊಂಡು ಬಿಟ್ಟಿತು. ಎದ್ದು ನಕ್ಕ. ನಾಳೆ ಬೆಳಿಗ್ಗೆ ನಗಲ್ಲ ಅಂದುಕೊಂಡೆ. ಸಮುದ್ರದ ಅಂಚಿಗೆ ಹೋದರೆ ಇನ್ನೊಂದು ದೃಶ್ಯ: ಗಂಡಸರೆಲ್ಲ ಸಾಲಾಗಿ ನೀರಿಗೆ ಮುಖ ಮಾಡಿ ನಿಂತಿದ್ದಾರೆ. ಬೆಳದಿಂಗಳು ನೋಡ್ತಿದ್ದಾರೆ ಅಂದುಕೊಂಡೆವು. ಅಲ್ಲ. ಆಮೇಲೆ ನಾವು ಆ ನೀರಿಗೆ ಕಾಲೂ ಇಡಲಿಲ್ಲ. ಸೆಳೆತದ ಭಯಕ್ಕೆ ಹೇಗೂ ಇಡಬಾರದು, ಅದು ಬೇರೆ ಮಾತು.

ಎರಡೂವರೆ ಹೊತ್ತಿಗೆ ತಂಗಿ ಟಾಯ್ಲೆಟ್‌ಗೆ ಹೋಗಬೇಕು ಅಂದಳು. ಜೊತೆಗೇ ಹೋಗಬೇಕು ಅಂತ ನಿಯಮ ಮಾಡಿದ್ದೆವು. ನಾನು ಆಗಷ್ಟೇ ನೀರಿನ ಬಾಟಲಿಗೆ ಸಾಲಿನಲ್ಲಿ ನಿಂತಿದ್ದೆ, ಮುಂದೆ ಇಬ್ಬರೇ ಇದ್ದರು. "ಹೋಗಿ ಬಾ, ಇಲ್ಲೇ ಇರ್ತೀನಿ" ಅಂದುಬಿಟ್ಟೆ. ಐದು ನಿಮಿಷದ ಕೆಲಸ.

ಹತ್ತು ನಿಮಿಷ ಆಯಿತು. ಇಪ್ಪತ್ತು ಆಯಿತು. ಮೆಸೇಜ್ ಹಾಕಿದರೆ ಒಂದೇ ಟಿಕ್. ಫೋನ್ ಮಾಡಿದರೆ ಥಾಯ್ ಭಾಷೆಯಲ್ಲಿ ಯಾವುದೋ ಹೆಂಗಸಿನ ದನಿ. ಟಾಯ್ಲೆಟ್ ಹತ್ತಿರ ಹೋಗಿ ಪ್ರತಿ ಬಾಗಿಲಿಗೂ ಹೆಸರು ಕೂಗಿದೆ. ಇಲ್ಲ.

ಆಗ ನನಗೆ ಚಿಕನ್ ಕಾರ್ನರ್ ನೆನಪಾಗಲಿಲ್ಲ ಅಂತಲ್ಲ. ನೆನಪಾಯಿತು. ಆದರೆ ಹೋಗಿ ಸುಮ್ನೆ ನಿಂತುಕೊಳ್ಳೋಕೆ ಮನಸ್ಸು ಒಪ್ಪಲಿಲ್ಲ. ನಿಂತರೆ ಏನೂ ಮಾಡದೆ ಇದ್ದಂತೆ. ಬೀಚಿನ ಈ ತುದಿಯಿಂದ ಆ ತುದಿಗೆ ಓಡಿದೆ. ಒಂದು ಕಡೆ ಬಿದ್ದವರು ಮಲಗುವ ಜಾಗ ಇದೆ. ಮರಳಿನ ಮೇಲೆ ಹತ್ತಾರು ಜನ, ಬಾಯಿ ತೆರೆದು, ಒಂದೇ ಕಾಲಿಗೆ ಚಪ್ಪಲಿ. ಕೂದಲು ಉದ್ದ ಇದ್ದವರನ್ನೆಲ್ಲ ಬಗ್ಗಿ, ಫೋನಿನ ಬೆಳಕು ಬಿಟ್ಟು ನೋಡಿದೆ. ಒಬ್ಬಳ ಭುಜ ಹಿಡಿದು ತಿರುಗಿಸಿದೆ, ಯಾರದೋ ಮಗಳು, ಬೇರೆ ಮುಖ. ಅವಳನ್ನು ಮಗ್ಗುಲಾಗಿ ಮಲಗಿಸಿ, ಹತ್ತಿರ ನಿಂತಿದ್ದ ಸ್ವಯಂಸೇವಕನಿಗೆ ತೋರಿಸಿ ಮುಂದೆ ಓಡಿದೆ. ಎದೆ ಬಡಿತ ಹಾಡಿನದೋ ನನ್ನದೋ ಗೊತ್ತಾಗುತ್ತಿರಲಿಲ್ಲ. ಚಿಕ್ಕಮ್ಮನಿಗೆ ಏನು ಹೇಳಲಿ ಅನ್ನುವ ವಾಕ್ಯವನ್ನು ಮನಸ್ಸಿನಲ್ಲಿ ಮೂರು ಥರ ಮಾಡಿಕೊಂಡೆ. ಎರಡನೇ ಸುತ್ತೂ ಮುಗಿಯಿತು. 1155ಕ್ಕೆ ಮಾಡೋಣ ಅಂತ ಫೋನ್ ತೆಗೆದರೆ ಸಿಗ್ನಲ್ಲೇ ಇಲ್ಲ. ಸಿಗ್ನಲ್ ಹುಡುಕುತ್ತಾ ಊರೊಳಗೆ ನಡೆದೆ. ಆ ದಾರಿಯಲ್ಲೇ ಚಿಕನ್ ಕಾರ್ನರ್ ಇತ್ತು.

ಕೋಳಿ ಸುಡುವ ಅಂಗಡಿಯ ಮುಂದೆ, ಕೆಂಪು ಪ್ಲಾಸ್ಟಿಕ್ ಸ್ಟೂಲಿನ ಮೇಲೆ ತಂಗಿ ಕೂತಿದ್ದಳು. ಬಲಗಾಲು ಇನ್ನೊಂದು ಸ್ಟೂಲಿನ ಮೇಲೆ. ಪಾದಕ್ಕೆ ಅಂಗಡಿಯ ಅಜ್ಜಿ ಟವೆಲ್ ಸುತ್ತಿದ್ದಳು, ಟವೆಲ್ ಕೆಂಪಾಗಿತ್ತು.

"ಅಕ್ಕಾ, ಎಲ್ಲಿ ಹಾಳಾಗಿ ಹೋಗಿದ್ದಿ? ಒಂದು ತಾಸಾತು ಕುಂತು. ತಪ್ಪಿಸ್ಕೊಂಡ್ರ ಇಲ್ಲಿ ಅಂದಾಕಿ ನೀನ ಅಲ್ಲೇನ?"

ನಾನು ಅಲ್ಲೇ ನೆಲಕ್ಕೆ ಕೂತುಬಿಟ್ಟೆ.

ಆದದ್ದು ಇಷ್ಟು. ಟಾಯ್ಲೆಟ್‌ನಿಂದ ಬರುವಾಗ ಮಣಿ ಚಪ್ಪಲಿಯ ಬಾರು ಕಿತ್ತು, ಅವಳು ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟಿದ್ದಾಳೆ. ಮರಳೊಳಗೆ ಒಡೆದ ಬಾಟಲಿ. ರಕ್ತ ಕಂಡು, ಗುಂಪಿನೊಳಗೆ ನನ್ನನ್ನು ಹುಡುಕಲು ಆಗದೆ, ಹೇಳಿದ ಜಾಗಕ್ಕೆ ಕುಂಟುತ್ತಾ ಬಂದಿದ್ದಾಳೆ. ಒಂದು ತೊಟ್ಟೂ ಕುಡಿಯದವಳ ಕಾಲಿಗೆ ಕುಡಿದವರ ಬಾಟಲಿ.

ಹತ್ತಿರದ ಒಂದು ಕ್ಲಿನಿಕ್ಕಿಗೆ ಹೋದೆವು. ಖಾಸಗಿ ಕ್ಲಿನಿಕ್ಕು, ಪಾರ್ಟಿ ರಾತ್ರಿ ಬಾಗಿಲು ಹಾಕುವುದಿಲ್ಲ. ನಮಗಿಂತ ಮುಂದೆ ಮೂವರು: ಸುಟ್ಟ ಕಾಲು, ಮುರಿದ ಹಲ್ಲು, ಇನ್ನೊಬ್ಬನಿಗೆ ಏನಾಗಿತ್ತೋ, ಸುಮ್ಮನೆ ಗೋಡೆ ನೋಡುತ್ತಿದ್ದ. ಕೌಂಟರಿನಲ್ಲಿ ಮೊದಲು ಪಾಸ್‌ಪೋರ್ಟ್ ಕೇಳಿದರು. ಫೋಟೊ ತೋರಿಸಿದರೆ ಆಗಲ್ಲ, ಒರಿಜಿನಲ್ ಬೇಕು, ಇಲ್ಲಾಂದ್ರೆ 5,000 ಬಾತ್ ಕಟ್ಟಿ ಅಂದರು. ಹುಡುಗಿಯ ಕಾಲಿಂದ ರಕ್ತ ತೊಟ್ಟಿಕ್ಕುತ್ತಿದೆ, ಇವರದು ಲೆಕ್ಕ. ಬೂಟಿನೊಳಗಿನ ದುಡ್ಡು ತೆಗೆದೆ, ಬೆವರಿಗೆ ಒದ್ದೆಯಾಗಿತ್ತು. ಸಾಲದ್ದಕ್ಕೆ ಕಾರ್ಡ್ ಉಜ್ಜಿದೆ.

ಒಳಗಿನ ನರ್ಸ್ ಮಾತ್ರ ಬಂಗಾರ. ಸಲೈನಿನಲ್ಲಿ ಮರಳು ತೊಳೆದು, ದೀಪ ಬಗ್ಗಿಸಿ, ಚಿಮಟದಲ್ಲಿ ಗಾಜಿನ ಚೂರು ಹಿಡಿದಳು. ಜೋಳದ ಕಾಳಿನಷ್ಟು, ಕಂದು ಬಣ್ಣ. ಕ್ರಾಟಿಂಗ್ ಡೇಂಗ್ ಬಾಟಲಿಯದೇ ಇರಬೇಕು. ಅದನ್ನು ಸ್ಟೀಲ್ ಬಟ್ಟಲಿಗೆ ಹಾಕಿದಾಗ ಟಿಣ್ ಅಂದದ್ದು ನನಗಿನ್ನೂ ಕೇಳಿಸುತ್ತದೆ. ಎರಡು ಹೊಲಿಗೆ, ಟಿಟಿ ಇಂಜೆಕ್ಷನ್. ಕುಡಿದಿದ್ದೀರಾ ಅಂತ ಡಾಕ್ಟರ್ ಕೇಳಿದರು. ಇಲ್ಲ ಎಂದು ತಂಗಿ ಹೇಳಿದ್ದನ್ನು ಕಾಗದದಲ್ಲಿ ಬರೆಸಿಕೊಂಡೆ. ಆ ಒಂದು ಸಾಲಿನಿಂದ ಊರಿಗೆ ಬಂದ ಮೇಲೆ ವಿಮೆಯ ದುಡ್ಡು ಬಂತು. ಬಿಲ್ಲು, ರಸೀದಿ, ಡಾಕ್ಟರ್ ಚೀಟಿ ಮೂರೂ ಕೇಳಿದ್ದರು. ನನ್ನ ಪಾದಕ್ಕೆ ಚುಚ್ಚಿದ್ದರೆ, ನಾನು ಕುಡಿದ ಆ ಕಾಲು ಭಾಗ ಬಕೆಟ್ಟಿನ ಲೆಕ್ಕ ಹೇಳಬೇಕಾಗುತ್ತಿತ್ತು.

ನಾಲ್ಕೂವರೆ. ಹೊರಗೆ ಗಾಡಿಗಳಿದ್ದವು, ಆದರೆ ಒಬ್ಬ ಡ್ರೈವರ್ ತೂಕಡಿಸುತ್ತಿದ್ದ, ಇನ್ನೊಬ್ಬನ ಬಾಯಿ ವಾಸನೆ ಬರುತ್ತಿತ್ತು. ಆ ಗುಡ್ಡದ ರಸ್ತೆಗೆ ಕತ್ತಲಲ್ಲಿ ಇವರ ಜೊತೆ ಬೇಡ, ಬೆಳಕಾಗಲಿ ಅಂದೆ. ಅಜ್ಜಿಯ ಅಂಗಡಿಗೇ ವಾಪಸ್ ಬಂದೆವು. ಟವೆಲ್ಲಿಗೆ ದುಡ್ಡು ಕೊಟ್ಟರೆ ತೆಗೆದುಕೊಳ್ಳಲಿಲ್ಲ. ನನ್ನ ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇತ್ತು, ಊರಿಂದ ಬಂದ ಬುತ್ತಿ. ಒಂದು ರೊಟ್ಟಿ ಮುರಿದು ಹಿಂಡಿ ಹಾಕಿ ಕೊಟ್ಟೆ. ಅಜ್ಜಿ ಮೂಸಿ ನೋಡಿ, ಕಚ್ಚಿ, ಕಣ್ಣರಳಿಸಿದಳು. ಪಕ್ಕದ ಅಂಗಡಿಯವಳನ್ನು ಕರೆದು ಅವಳಿಗೂ ಅರ್ಧ ಕೊಟ್ಟಳು. ಖಾರ ಅವರಿಗೆ ಲೆಕ್ಕಕ್ಕೇ ಇಲ್ಲ. ನಾನು ಓಆರ್‌ಎಸ್ ಕಲಸಿದ ನೀರು ಕುಡಿದೆ, ತಂಗಿ ಸ್ಟೂಲಿನ ಮೇಲೆಯೇ ನಿದ್ದೆ ಹೋದಳು.

ಆರೂವರೆ ದಾಟಿದ ಮೇಲೆ ಸಮುದ್ರದಲ್ಲಿ ಸೂರ್ಯ ಎದ್ದ. ಬೀಚಿನಲ್ಲಿ ಇನ್ನೂ ಸಾವಿರ ಜನ ಕುಣಿಯುತ್ತಿದ್ದರು, ಬೆಳಕಿನಲ್ಲಿ ಎಲ್ಲರ ಬಣ್ಣವೂ ಕೆಸರಿನಂತೆ ಕಾಣುತ್ತಿತ್ತು. ಕುಂಟೆ ಹಿಡಿದ ಕೆಲಸಗಾರರು ಒಂದು ತುದಿಯಿಂದ ಮರಳು ಬಾಚುತ್ತಾ ಬರುತ್ತಿದ್ದರು, ಸ್ಟ್ರಾ, ಬಕೆಟ್, ಗಾಜು, ಚಪ್ಪಲಿ. ತಂಗಿಯ ಮಣಿ ಚಪ್ಪಲಿ ಆ ರಾಶಿಯಲ್ಲಿ ಎಲ್ಲೋ ಇತ್ತು.

ಕಣ್ಣು ನಿಚ್ಚಳವಾಗಿದ್ದ ಡ್ರೈವರನ್ನು ಹುಡುಕಿ ಸೊಂಗ್‌ತೇವ್ ಹತ್ತಿದೆವು. ತಂಗಿ ಕ್ಲಿನಿಕ್ಕಿನವರು ಕೊಟ್ಟ ಕಾಗದದ ಚಪ್ಪಲಿಯಲ್ಲಿ. ಬಾನ್ ತಾಯ್ ಹತ್ತಿರ ಸಿಗ್ನಲ್ ಬಂತು, ಬಂದ ಕೂಡಲೇ ಅವ್ವನ ಕಾಲ್. ಅಲ್ಲಿನ್ನೂ ಐದೂಮುಕ್ಕಾಲು. ಅವಳೂ ರಾತ್ರಿಯಿಡೀ ನಾಟಕ ನೋಡಿ ಆಗಷ್ಟೇ ಟಂಟಂ ಹತ್ತಿದ್ದಳು, ಕಣ್ಣು ಕೆಂಪು, ದನಿ ಬಿದ್ದಿತ್ತು.

"ತಪ್ಪಿಸ್ಕೊಂಡಿರೇನ?" ಅಂದಳು.

ನಾನು ಬಾಯಿ ತೆರೆಯುವ ಮುಂಚೆ ತಂಗಿ ಫೋನು ಕಸಿದುಕೊಂಡಳು. "ಇಲ್ಲ ದೊಡ್ಡವ್ವ. ಅಕ್ಕ ನನ್ನ ಕೈ ಬಿಟ್ಟ ಇಲ್ಲ ನೋಡು."

ಫೋನಿಟ್ಟ ಮೇಲೆ ನನ್ನ ಕಡೆ ತಿರುಗಿದಳು. "ಚಪ್ಪಲಿ ನೀನ ಕೊಡಸಬೇಕ. ಮಣಿದು."